ಒಳಗೆ ಕರೆದ ಮೇಲೆ

ಕೊಪ್ಪ
5 ಮಾರ್ಚ್ 2007, ಸೋಮವಾರ

ಶ್ರೀಮತಿ ಗಂಗಾಂಬಿಕೆಯವರಿಗೆ,

ನಿಮ್ಮದಲ್ಲದ ಬಾವಿಯನ್ನು ತೋರಿಸಿ ನಿಮ್ಮ ಮನೆಯನ್ನು ನಮಗೆ ಮಾರಲು ಹೊರಟಿದ್ದೀರಿ. ಇದು ಮೋಸ. ಇದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ನಾನು ಯಾರೆಂದು ಮರೆತಿದ್ದರೆ ಹೇಳುತ್ತೇನೆ. ಕಮ್ಮರಡಿ ಕಡೆಯ ಕಾಫಿ ಎಸ್ಟೇಟಿನ ಕೂಲಿಯವರ ಲೈನಿನಲ್ಲಿರುವ ಶೇಷಪ್ಪನವರ ಮಗಳು. ಕಳೆದ ಅಕ್ಟೋಬರಿನಲ್ಲಿ ನರಸಿಂಹರಾಜಪುರದ ನಿಮ್ಮ ಹೆಂಚಿನ ಮನೆಯನ್ನು ನೋಡಲು ಅಪ್ಪನ ಜೊತೆ ಬಂದಿದ್ದೆ. ಅಗ್ರಿಮೆಂಟಿಗೆ ಸಾಕ್ಷಿ ಸಹಿ ಹಾಕಿದವಳೂ ನಾನೇ. ಅಂದು ನೀವು ಹಿತ್ತಲ ಬಾಗಿಲು ತೆಗೆದು ಬಾವಿಯ ಕಡೆ ಕೈ ತೋರಿಸಿ, "ಏಪ್ರಿಲ್ಲಲ್ಲೂ ಇದು ಬತ್ತಿದ್ದು ನಾನು ಕಂಡಿಲ್ಲ" ಎಂದಿರಿ. ಅಪ್ಪ ಬಗ್ಗಿ ನೋಡಿ, ಒಂದು ಕಲ್ಲು ಹಾಕಿ, ಸದ್ದು ಕೇಳಿ ತಲೆಯಾಡಿಸಿದರು. ಬಾವಿ ಬತ್ತುವುದಿಲ್ಲ ಎಂದು ನೀವು ಹೇಳಿದ್ದು ನಿಜ. ಬಾವಿ ನಿಮ್ಮದಲ್ಲ ಎಂದು ಹೇಳಲಿಲ್ಲ.

ನಾನು ಕೊಪ್ಪದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬುಧವಾರ ರಜೆ. ಕಳೆದ ಬುಧವಾರ, ಹೊರಗೋಡೆಗೆ ಎಷ್ಟು ಸುಣ್ಣ ಬೇಕಾದೀತು ಎಂದು ನೋಡಲು ನರಸಿಂಹರಾಜಪುರಕ್ಕೆ ಹೋಗಿದ್ದೆ. ಬೇಲಿಯ ಆಚೆಯಿಂದ ನಿಮ್ಮ ಮೈದುನ ಧರ್ಮಪ್ಪನವರು ಬಂದರು.

"ಯಾರು ನೀವು?"

"ಈ ಮನೆ ತಗೊಳ್ಳೋರು."

"ಓಹೋ, ನಮ್ಮ ಅತ್ತಿಗೆಯ ಪಾರ್ಟಿ. ತಗೊಳ್ಳಿ ಮಾರಾಯ್ತಿ, ಬೇಡ ಅಂದೋರು ಯಾರು? ಬಾವಿ ಮಾತ್ರ ನಂದು. ಪಾಲಾದಾಗಿಂದ ನಂದು. ನಿಮ್ಮ ಕೊಡ ಈ ಬದಿಗೆ ಬರೋದು ಬೇಡ."

"ಗಂಗಾಂಬಿಕಮ್ಮ ಇಲ್ಲೇ ಸೇದ್ತಿದ್ರಂತಲ್ಲ?"

"ಅವರು ಅತ್ತಿಗೆ. ನೀವು ಯಾರು?"

ಎರಡು ಸಲ ಕೇಳಿದ ಈ ಒಂದೇ ಪ್ರಶ್ನೆಗೆ ಎರಡು ಅರ್ಥವಿತ್ತು. ಎರಡನೆಯದು ನನಗೆ ಅರ್ಥವಾಯಿತು. ನಿಮಗೂ ಆಗುತ್ತದೆ.

ಅಪ್ಪನಿಗೆ ಎಸ್ಟೇಟಿನಿಂದ ಬಂದ ಗ್ರ್ಯಾಚುಟಿ ಪೂರ್ತಿ ಮುಂಗಡವಾಗಿ ನಿಮ್ಮ ಕೈ ಸೇರಿದೆ. ಕೆಲಸ ಬಿಟ್ಟವರು ಮಳೆ ಹಿಡಿಯುವ ಮೊದಲು ಲೈನ್ ಮನೆ ಖಾಲಿ ಮಾಡಬೇಕೆಂದು ಎಸ್ಟೇಟಿನ ಕಟ್ಟಪ್ಪಣೆ. ಹಾಗೆ ಮಾಡಬಾರದೆಂದು ನಾನು ಕರಪತ್ರ ಬರೆದು ಕಮ್ಮರಡಿಯಿಂದ ಕೊಪ್ಪದವರೆಗೆ ಹಂಚಿದ್ದೇನೆ. ಹಂಚಿದರೂ ಮಳೆ ಬರುತ್ತದೆ. ಮುಂಗಡ ವಾಪಸು ಬರದೆ ಬೇರೊಂದು ಮನೆಯ ಹೊಸ್ತಿಲಿಗೆ ಹೋಗಲು ನಮ್ಮಲ್ಲಿ ಏನೂ ಇಲ್ಲ.

ದೋಷ ಮುಚ್ಚಿಟ್ಟು ಮಾರಿದರೆ ಕೊಳ್ಳುವವರು ಹಿಂದೆ ಸರಿಯಬಹುದು, ಕೊಟ್ಟ ಮುಂಗಡ ಪೂರ್ತಿ ಕೇಳಬಹುದು ಎಂದು ಗ್ರಾಹಕ ಹಕ್ಕುಗಳ ಕಿರುಹೊತ್ತಗೆಯಲ್ಲಿದೆ. ನಾವು ಹಿಂದೆ ಸರಿದಿದ್ದೇವೆ. ಈ ತಿಂಗಳೊಳಗೆ ಹಣ ಹಿಂತಿರುಗಿಸಿ. ಫೋನ್ ಮಾಡಬೇಡಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ಬರೆಯಿರಿ.

ಇಂತು,
ಚೇತನಾ ಶೇಷಪ್ಪ

ಈ ಪತ್ರದ ಜೆರಾಕ್ಸ್ ನನ್ನ ಹತ್ತಿರ ಇದೆ.


ಶೃಂಗೇರಿ
12 ಮಾರ್ಚ್ 2007

ಚೇತನಾಗೆ ಗಂಗಾಂಬಿಕೆಯ ಆಶೀರ್ವಾದ. ಬೇಡ ಅನಿಸಿದರೆ ವಾಪಸು ಕಳಿಸು. ರಿಜಿಸ್ಟರ್ಡ್ ಅಂಚೆಯಲ್ಲೇ ಕಳಿಸು.

ನಿನ್ನ ಪತ್ರ ಬಂದಾಗ ನನ್ನ ಈ ಆರು ಕೋಣೆಯ ಲಾಡ್ಜಿನ ತುಂಬ ಯಾತ್ರಿಕರು. ಅವರೆಲ್ಲ ಬಿಸಿನೀರಿಗೆ ಬೊಬ್ಬೆ ಹಾಕುತ್ತಿರುವಾಗ ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಂಡ. "ಎಂತ ಗಂಗಕ್ಕ, ಕೋರ್ಟಿಂದ?" ಎಂದ. "ಅಲ್ಲ ಮಾರಾಯ, ಕೊಪ್ಪದಿಂದ. ಕೋರ್ಟಿಗಿಂತ ಜೋರು" ಎಂದೆ.

ಬಾವಿಯ ಸಂಗತಿ. ಪಾಲಾದಾಗ ಬಾವಿ ಮೈದುನನ ಕಡೆಗೆ ಹೋದದ್ದು ಹೌದು. ನನ್ನ ಯಜಮಾನರು ಇರುವ ತನಕ ಬಾವಿ ಯಾರದೆಂದು ಯಾರೂ ಕೇಳಲಿಲ್ಲ, ಎರಡೂ ಮನೆಯ ಹಗ್ಗ ಒಂದೇ ರಾಟೆಯ ಮೇಲೆ ಓಡುತ್ತಿತ್ತು. ಅವರು ಹೋದ ಮೇಲೆ ನಾನು ಶೃಂಗೇರಿಗೆ ಬಂದು ಈ ಲಾಡ್ಜು ನೋಡಿಕೊಂಡೆ, ಮನೆಗೆ ಬೀಗ ಬಿತ್ತು. ನಿಮಗಿಂತ ಮೊದಲು ಇಬ್ಬರು ನೋಡಲು ಬಂದಿದ್ದರು. ಅವರಿಗೆ ಬಾವಿಯ ಸಂಗತಿ ಹೇಳಿದೆ. ಇಬ್ಬರೂ ತಿರುಗಿ ಬರಲಿಲ್ಲ. ನಿಮಗೆ ಹೇಳಲಿಲ್ಲ. ರಿಜಿಸ್ಟ್ರಿಯ ಹೊತ್ತಿಗೆ ಧರ್ಮಪ್ಪನನ್ನು ಒಪ್ಪಿಸಬಹುದು ಅಂದುಕೊಂಡಿದ್ದೆ. ಅವನು ಒಪ್ಪಲಿಲ್ಲ. ಇಷ್ಟನ್ನು ಮೋಸ ಎನ್ನುವುದಾದರೆ ಅನ್ನು. ನನ್ನ ವಯಸ್ಸಿಗೆ ಇದಕ್ಕಿಂತ ದೊಡ್ಡ ಮಾತು ಕೇಳಿ ಆಗಿದೆ.

ಮುಂಗಡ ನನ್ನ ಕಪಾಟಿನಲ್ಲೇ ಇದೆ. ಮುಟ್ಟಿಲ್ಲ. ಚೆಕ್ಕು ಬರೆದು ನನಗೆ ರೂಢಿಯಿಲ್ಲ. ಬಾಳೆಗೊನೆ ಕಳಿಸಿದ ಹಾಗೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುವಂಥದ್ದೂ ಅಲ್ಲ. ಶೇಷಪ್ಪನ ಕೈಯಿಂದ ತೆಗೆದುಕೊಂಡದ್ದು, ಅವನ ಕೈಗೇ ಕೊಡುತ್ತೇನೆ. ಅವನನ್ನು ಕಳಿಸು.

ಗಂಗಾಂಬಿಕೆ


ಕೊಪ್ಪ
2 ಏಪ್ರಿಲ್ 2007

ಶ್ರೀಮತಿ ಗಂಗಾಂಬಿಕೆಯವರಿಗೆ,

ಮೊದಲು ಒಂದು ತಕರಾರು. ನೀವು ನನ್ನ ಅಪ್ಪನನ್ನು "ಅವನು" ಎಂದು ಬರೆಯುತ್ತೀರಿ. ಅವರಿಗೆ ಅರವತ್ತು ದಾಟಿದೆ. ಮಾರುವವರೂ ಕೊಳ್ಳುವವರೂ ಸಮಾನರು. ಹಣ ತೆಗೆದುಕೊಳ್ಳುವಾಗ ಬಹುವಚನ, ಕೊಡುವಾಗ ಏಕವಚನ, ಇದು ನಡೆಯುವುದಿಲ್ಲ.

ಈಗ ಸಂಗತಿಗೆ ಬರುತ್ತೇನೆ. ಮಾರ್ಚ್ ಇಪ್ಪತ್ತನಾಲ್ಕರಂದು ಅಪ್ಪ ಶೃಂಗೇರಿಗೆ ಬಂದರು. ಬರಿಗೈಯಲ್ಲಿ ವಾಪಸು ಬಂದರು. ಕೇಳಿದರೆ, "ಅಮ್ಮಾರು ಸಿಗ್ಲಿಲ್ಲ ಮಗ, ಎಲ್ಲೋ ಹೋಗಿದ್ರು" ಎಂದರು. ಮುಂದಿನ ವಾರ ನಾನು ಹೇಳದೆಯೇ ಮತ್ತೆ ಹೊರಟರು. ಅಂದೂ ಬರಿಗೈ. "ಯಾತ್ರಿಕರ ಗಲಾಟೆ, ಮಾತಾಡೋಕೆ ಆಗ್ಲಿಲ್ಲ" ಎಂದರು.

ನಾನು ಅಷ್ಟಕ್ಕೆ ಬಿಡುವವಳಲ್ಲ. ಶೃಂಗೇರಿ ಬಸ್ಸಿನ ಕಂಡಕ್ಟರ್ ಸುಬ್ರಾಯರು ದಿನಾ ನಮ್ಮ ಅಂಗಡಿಯ ಎದುರು ಬೀಡಿ ಸೇದುತ್ತಾರೆ. ಅವರನ್ನು ವಿಚಾರಿಸಿದೆ. "ನಿಮ್ಮಪ್ಪನಾ? ಎರಡು ಸಲಾನೂ ಗಂಗಕ್ಕನ ಹಾಲಿನಲ್ಲಿ ಕೂತು ಕಾಫಿ ಕುಡೀತಿದ್ರಲ್ಲ. ಎರಡನೇ ಸಲ ಗಂಗಕ್ಕ ಎದುರಿಗೇ ಕೂತಿದ್ರು, ತಲೆ ಮೇಲೆ ಕೈ ಹೊತ್ಕೊಂಡು" ಎಂದರು.

ಅಂದರೆ ನೀವು ಇದ್ದಿರಿ. ಮಾತು ನಡೆಯಿತು. ಇಬ್ಬರಲ್ಲಿ ಒಬ್ಬರು ನನಗೆ ಸುಳ್ಳು ಹೇಳುತ್ತಿದ್ದೀರಿ. ಅಪ್ಪ ನನ್ನ ಹತ್ತಿರ ಈವರೆಗೆ ಸುಳ್ಳು ಹೇಳಿಲ್ಲ. ಉಳಿದವರು ಯಾರೆಂದು ನೀವೇ ಹೇಳಿ. ಅಪ್ಪನನ್ನು ಹೆದರಿಸಿದ್ದೀರೋ, ಅಥವಾ ಕಾಫಿ ಕೊಟ್ಟು ಕಣ್ಣೀರು ಹಾಕಿ "ಇನ್ನೊಂದು ತಿಂಗಳು" ಎಂದಿರೋ ನನಗೆ ಗೊತ್ತಿಲ್ಲ. ಅವರು ಮೆತ್ತಗಿನ ಮನುಷ್ಯ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೈದರೂ ಅವನಿಗೆ ಹಸಿವಾಗಿತ್ತೇನೋ ಎನ್ನುವವರು. ಅಂಥವರನ್ನೇ ಕಳಿಸು ಎಂದು ನೀವು ಯಾಕೆ ಬರೆದಿರಿ ಎನ್ನುವುದು ಈಗ ಅರ್ಥವಾಗುತ್ತಿದೆ.

ಹಣ ಖರ್ಚಾಗಿದ್ದರೆ ಖರ್ಚಾಗಿದೆ ಎಂದು ಬರೆಯಿರಿ. ಕಪಾಟಿನ ಕಥೆ ಬೇಡ.

ಇಂತು,
ಚೇತನಾ ಶೇಷಪ್ಪ


ಶೃಂಗೇರಿ
9 ಏಪ್ರಿಲ್ 2007

ಚೇತನಾಗೆ,

ಶೇಷಪ್ಪನವರು ಎಂದೇ ಬರೆಯುತ್ತೇನೆ. ನೀನು ಹೇಳಿದ್ದು ಸರಿ.

ಶೇಷಪ್ಪನವರು ನಿನಗೆ ಈವರೆಗೆ ಸುಳ್ಳು ಹೇಳಿಲ್ಲ ಎಂದು ಬರೆದಿದ್ದೀಯ. ಒಳ್ಳೆಯದು. ಅದು ಹಾಗೇ ಇರಲಿ. ಹಣ ಖರ್ಚಾಗಿಲ್ಲ. ಇದಕ್ಕಿಂತ ಹೆಚ್ಚು ಬರೆಯುವ ಹಾಗಿಲ್ಲ. ಯಾಕೆ ಎಂದು ಕೇಳಬೇಡ. ಕೇಳಿದರೂ ಹೇಳುವುದಿಲ್ಲ.

ಊರಿಗೆ ಹೋದಾಗ ಒಮ್ಮೆ ಅಪ್ಪನ ಹತ್ತಿರ ಕುಳಿತುಕೊ. ಭಾಷಣ ಮಾಡಬೇಡ, ಬರೀ ಕುಳಿತುಕೊ. ಅವರು ಏನಾದರೂ ಹೇಳಿದರೆ ಹೇಳಿಯಾರು. ಹೇಳದಿದ್ದರೆ ಸ್ವಲ್ಪ ದಿನ ಕಾಯಿ.

ಗಂಗಾಂಬಿಕೆ


ಕೊಪ್ಪ
19 ಏಪ್ರಿಲ್ 2007

ಶ್ರೀಮತಿ ಗಂಗಾಂಬಿಕೆಯವರಿಗೆ,

ನೀವು ಕಾಯಿ ಎಂದು ಯಾಕೆ ಬರೆದಿರಿ ಎನ್ನುವುದು ನನಗೆ ಗೊತ್ತಾಗಿದೆ. ನೀವು ಆ ಮನೆಗೆ ಬೇರೆಯವರನ್ನು ಸೇರಿಸಿದ್ದೀರಿ.

ನಿನ್ನೆ ಬುಧವಾರ ನಾನು ನರಸಿಂಹರಾಜಪುರಕ್ಕೆ ಹೋಗಿದ್ದೆ. ಬಾಗಿಲಿಗೆ ಬೀಗ ಇತ್ತು. ಆದರೆ ಜಗಲಿ ಗುಡಿಸಿತ್ತು. ತಿಂಗಳುಗಟ್ಟಲೆ ಬೀಗ ಬಿದ್ದ ಮನೆಯ ಜಗಲಿಯನ್ನು ಯಾರು ಗುಡಿಸುತ್ತಾರೆ? ಕಿಟಕಿಯ ಸರಳಿಗೆ ಮುಖ ಒತ್ತಿ ಒಳಗೆ ನೋಡಿದೆ. ಕಂಡದ್ದನ್ನು ಅಲ್ಲೇ ನಿಂತು ಚೀಟಿಯಲ್ಲಿ ಬರೆದುಕೊಂಡೆ, ನಾಳೆ ನೀವು ಇಲ್ಲ ಎನ್ನಬಾರದು.

ನಡುಮನೆಯ ನೆಲಕ್ಕೆ ಯಾರೋ ಸೆಗಣಿ ಸಾರಿಸಿದ್ದಾರೆ. ಹೊಸದಾಗಿ ಸಾರಿಸಿದ್ದು, ಮೂಲೆಯಲ್ಲಿ ಇನ್ನೂ ಹಸಿ ಇತ್ತು. ಗೋಡೆಯ ಬುಡದಲ್ಲಿ ಒಂದು ದೀಪ, ಬತ್ತಿ ಸುಟ್ಟು ಆರಿದೆ. ಅದರ ಮುಂದೆ ಕುಡಿಬಾಳೆಲೆ. ಎಲೆಯ ಮೇಲೆ ಕೆಂಪಕ್ಕಿ ಅನ್ನ, ಸುಟ್ಟ ಒಣಮೀನು. ಪಕ್ಕದಲ್ಲಿ ಎಲೆಯಡಿಕೆ, ಸುಣ್ಣ ಹಚ್ಚಿಲ್ಲ. ಮಣೆಯ ಮೇಲೆ ಮಡಿಕೆ ಬಿಚ್ಚದ ಹಸಿರು ಸೀರೆ. ಅಂಗಡಿಯ ಚೀಟಿಯೂ ಹಾಗೇ ಇತ್ತು.

ನೀವು ಮೀನು ತಿನ್ನುವವರಲ್ಲ. ಅಂದಮೇಲೆ ಅದು ನಿಮ್ಮ ಎಲೆಯಲ್ಲ. ಸೀರೆ ಇದೆ, ಅಂದರೆ ಆ ಮನೆಯಲ್ಲಿ ಒಬ್ಬ ಹೆಂಗಸು ಇದ್ದಾಳೆ.

ಧರ್ಮಪ್ಪನವರು ಬೇಲಿಯ ಹತ್ತಿರ ಬಂದರು.

"ಏನು, ಇನ್ನೂ ಸುಣ್ಣದ ಲೆಕ್ಕ ಮುಗೀಲಿಲ್ವಾ?"

"ಈ ಮನೆಯಲ್ಲಿ ಯಾರಿದ್ದಾರೆ?"

"ನನ್ನೇ ಕೇಳ್ತೀಯಲ್ಲ. ನಿಮ್ಮ ಪಾರ್ಟಿನೇ ಇರ್ಬೇಕು ಅಂತ ನಾನು ಸುಮ್ನಿದ್ದೆ. ನಿನ್ನೆ ಸಂಜೆ ಯಾರೋ ಒಳಗೆ ಮಾತಾಡ್ತಿದ್ರು. ಗಂಡಸಿನ ಸ್ವರ. ಅಷ್ಟಷ್ಟು ಮಾತಾಡೋದು, ಸ್ವಲ್ಪ ಹೊತ್ತು ಸುಮ್ನಾಗೋದು. ಎದುರಿಗಿದ್ದೋರು ಉತ್ತರ ಕೊಟ್ಟ ಹಾಗೆ."

"ಉತ್ತರ ಕೇಳಿಸ್ತಾ?"

"ಅದು ಕೇಳಿಸ್ಲಿಲ್ಲಪ್ಪ. ಹಿಂದಿನ ಅಮಾವಾಸ್ಯೆಗೂ ಹಿಂಗೇ ಆಗಿತ್ತು."

ಒಬ್ಬ ಗಂಡಸು, ಒಬ್ಬ ಹೆಂಗಸು. ಒಂದು ಸಂಸಾರ. ನಮ್ಮ ಮುಂಗಡ ಕಪಾಟಿನಲ್ಲಿ ಇಟ್ಟುಕೊಂಡು ಅದೇ ಮನೆಯನ್ನು ಇನ್ನೊಬ್ಬರಿಗೆ ಕೊಟ್ಟಿದ್ದೀರಿ. ಅವರ ಹತ್ತಿರವೂ ಮುಂಗಡ ತೆಗೆದುಕೊಂಡಿರಬೇಕು. ಅವರಿಗೂ ಅದೇ ಬಾವಿ ತೋರಿಸಿರಬೇಕು.

ಇನ್ನು ನಾನು ನಿಮಗೆ ಬರೆಯುವುದಿಲ್ಲ. ಮೇ ಮೊದಲ ವಾರದೊಳಗೆ ಹಣ ಬಾರದಿದ್ದರೆ ಪೊಲೀಸ್ ಠಾಣೆಗೂ ಗ್ರಾಹಕರ ವೇದಿಕೆಗೂ ದೂರು ಹೋಗುತ್ತದೆ. ನಿಮ್ಮ ಲಾಡ್ಜಿನ ಗೋಡೆಗೆ ಕರಪತ್ರ ಅಂಟಿಸಲು ನನಗೆ ಯಾರ ಅನುಮತಿಯೂ ಬೇಕಿಲ್ಲ. ಬಡವರ ಹಣ ಬಡವರ ಜೀವ ಇದ್ದ ಹಾಗೆ. ಅದನ್ನು ಇಟ್ಟುಕೊಂಡು ನಿದ್ದೆ ಮಾಡುವವರನ್ನು ಎಬ್ಬಿಸಲು ನನಗೆ ಬರುತ್ತದೆ.

ಚೇತನಾ ಶೇಷಪ್ಪ


ಶೃಂಗೇರಿ
26 ಏಪ್ರಿಲ್ 2007

ಚೇತನಾಗೆ,

ಶೇಷಪ್ಪನವರಿಗೆ ಕೊಟ್ಟ ಮಾತನ್ನು ಮುರಿದು ಬರೆಯುತ್ತಿದ್ದೇನೆ. ನೀನು ಠಾಣೆಗೆ ಹೋದರೆ ಅವಮಾನ ಆಗುವುದು ನನಗಲ್ಲ, ಅವರಿಗೆ. ಅದಕ್ಕೆ.

ಆ ಮನೆಯಲ್ಲಿ ಒಬ್ಬ ಹೆಂಗಸು ಇದ್ದಾಳೆ ಎಂದು ಬರೆದಿದ್ದೀಯ. ಅದು ನಿನ್ನ ತಾಯಿ.

ಸತ್ತವರನ್ನು ಮನೆಯ ಒಳಗೆ ಕರೆದುಕೊಳ್ಳುವ ಕ್ರಮ ನಿಮ್ಮಲ್ಲಿ ಇದೆಯಂತೆ. ನಮ್ಮಲ್ಲಿ ಇಲ್ಲ. ಶೇಷಪ್ಪನವರು ಹೇಳಿಯೇ ನನಗೆ ತಿಳಿದದ್ದು. ಒಳಗೆ ದೀಪ ಹಚ್ಚಿ ಎಡೆ ಇಟ್ಟು, ಬಾಗಿಲು ಮುಚ್ಚಿ, ಹೊರಗೆ ನಿಂತು ಹೆಸರು ಹಿಡಿದು ಕರೆಯುವುದಂತೆ. ಕರೆದವರು ಬಂದು ಆ ಮನೆಯ ಹಿರಿಯರಾಗಿ ಉಳಿಯುತ್ತಾರಂತೆ. ಸ್ವಂತ ಮನೆಯಲ್ಲೇ ಕರೆಯಬೇಕು. ನಿನ್ನ ತಾಯಿ ತೀರಿಕೊಂಡದ್ದು ಲೈನ್ ಮನೆಯಲ್ಲಿ. ಅಲ್ಲಿ ಕರೆದರೆ, ನಾಳೆ ಆ ಮನೆಗೆ ಬರುವ ಬೇರೆ ಒಕ್ಕಲಿನ ಪಾಲಾಗುತ್ತಾಳೆ ಎಂದು ನಿನ್ನ ಅಪ್ಪ ಎರಡು ವರ್ಷ ಕರೆಯದೆ ಕಾದರಂತೆ. ಇದೆಲ್ಲ ನಿನಗೆ ಗೊತ್ತಿರಬೇಕು. ಗೊತ್ತಿದ್ದೂ ಲೆಕ್ಕಕ್ಕೆ ಹಿಡಿಯಲಿಲ್ಲವೋ ಏನೋ.

ಹೋದ ದೀಪಾವಳಿಯ ಅಮಾವಾಸ್ಯೆಯ ಹಿಂದಿನ ದಿನ ಬಂದು ಬೀಗದ ಕೈ ಕೇಳಿದರು. ಅಗ್ರಿಮೆಂಟ್ ಆಗಿ ಎರಡು ವಾರ ಆಗಿತ್ತು. ಗುಡಿಸಿ ಒರೆಸಲು ಇರಬೇಕೆಂದು ನಾನು ಕೊಟ್ಟೆ. ಏನು ಮಾಡಿದರೆಂದು ಆಗ ನನಗೆ ಗೊತ್ತಿರಲಿಲ್ಲ. ಬೀಗದ ಕೈ ಅವರ ಹತ್ತಿರವೇ ಉಳಿಯಿತು, ನಾನೂ ಕೇಳಲಿಲ್ಲ.

ಮಾರ್ಚ್‌ನಲ್ಲಿ ನೀನು ಕಳಿಸಿದಾಗ ಬಂದರು. ನಾನು ಮುಂಗಡ ಪೂರ್ತಿ ಅವರ ಕೈಗೆ ಕೊಟ್ಟೆ. ಕೈಚೀಲದಲ್ಲಿ ಇಟ್ಟುಕೊಂಡು, ಕಾಫಿ ಕುಡಿದು ಹೋದರು. ಮುಂದಿನ ವಾರ ಅದೇ ಕೈಚೀಲ ಹಿಡಿದು ಬಂದು ನನ್ನ ಮೇಜಿನ ಮೇಲೆ ಇಟ್ಟರು.

"ಅಮ್ಮಾರೆ, ಇದು ನಿಮ್ಮ ಹತ್ರಾನೇ ಇರ್ಲಿ."

"ಎಂತಕ್ಕೆ ಮಾರಾಯ? ನಿನ್ನ ಮಗಳು ನನ್ನ ಜೈಲಿಗೆ ಹಾಕ್ಸೋಕೆ ಹೊರಟಿದ್ದಾಳೆ."

"ಭೈರಮ್ಮನ್ನ ಒಳಗೆ ಕರ್ದಾಗಿದೆ."

"ಯಾವ ಒಳಗೆ?"

"ನಿಮ್ಮನೆ ಒಳಗೆ. ನಮ್ಮನೆ ಅಂದ್ಕಂಡು."

ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ನಿನ್ನ ಕಂಡಕ್ಟರ್ ಕಂಡದ್ದು ಅದನ್ನೇ.

"ಅಲ್ಲ ಕಣೋ, ರಿಜಿಸ್ಟ್ರಿನೇ ಆಗಿಲ್ಲ. ಮುಂಗಡ ಕೊಟ್ಟ ಕೂಡ್ಲೆ ಮನೆ ನಿಂದಾಗುತ್ತಾ?"

"ಅಗ್ರಿಮೆಂಟ್ ಆತಲ್ಲ, ಆತು ಅಂದ್ಕಂಡೆ. ಅವಳಿಗೆ ರಿಜಿಸ್ಟ್ರಿ ಎಲ್ಲಿ ಗೊತ್ತು ಅಮ್ಮಾರೆ? ಕರ್ದೆ, ಬಂದ್ಲು."

ಒಳಗೆ ಕರೆದವರನ್ನು ಹೊರಗೆ ಕರೆಯುವ ಶಾಸ್ತ್ರ ಇದೆಯೇ ಎಂದು ನಾನೇ ಕೇಳಿದೆ. ಇಲ್ಲವಂತೆ. ಮಗಳಿಗೆ ಯಾಕೆ ಹೇಳಬಾರದು ಎಂದೂ ಕೇಳಿದೆ. "ಅವಳು ಓದಿದೋಳು. ನಗ್ತಾಳೆ" ಎಂದರು. ಆಮೇಲೆ, "ನಕ್ಕರೆ ಪರವಾಗಿಲ್ಲ, ಬೇಜಾರು ಮಾಡ್ಕಂಡ್ರೆ ಕಷ್ಟ" ಎಂದರು.

ಈಗ ನಾನು ಏನು ಮಾಡಲಿ, ಹೇಳು. ನನ್ನ ಯಜಮಾನರು ಅಮಾವಾಸ್ಯೆ ದಿನ ಈರುಳ್ಳಿಯನ್ನೂ ಆ ಮನೆಗೆ ತರಿಸುತ್ತಿರಲಿಲ್ಲ. ಅಲ್ಲಿ ಈಗ ಒಣಮೀನಿನ ಎಡೆ. ಬೇರೆಯವರಿಗೆ ಮಾರಲು ನನಗೆ ಧೈರ್ಯ ಇಲ್ಲ. ಹಣ ವಾಪಸು ಕೊಟ್ಟರೆ ಅವರು ತೆಗೆದುಕೊಳ್ಳುವುದಿಲ್ಲ. ಕೊಡದಿದ್ದರೆ ನೀನು ಬಿಡುವುದಿಲ್ಲ.

ಎಲೆಯಡಿಕೆಗೆ ಸುಣ್ಣ ಹಚ್ಚದೆ ಯಾರು ಹಾಕುತ್ತಿದ್ದರು ಎಂದು ನನಗೆ ಗೊತ್ತಿಲ್ಲ. ನಿನ್ನ ತಾಯಿಯನ್ನು ನಾನು ನೋಡಿದವಳಲ್ಲ. ಕಿಟಕಿಯಲ್ಲಿ ಇಣುಕಿದವಳು ನೀನು.

ಗಂಗಾಂಬಿಕೆ


ಕೊಪ್ಪ
30 ಏಪ್ರಿಲ್ 2007

ಅಪ್ಪನಿಗೆ,

ಎದುರು ಕುಳಿತರೆ ನೀನು ಬೀಡಿ ಹಚ್ಚುತ್ತೀಯ, ನಾನು ಭಾಷಣ ಶುರು ಮಾಡುತ್ತೇನೆ. ಆದ್ದರಿಂದ ಬರೆಯುತ್ತಿದ್ದೇನೆ. ಲೈನಿನ ಬೇರೆ ಯಾರ ಹತ್ತಿರವೂ ಓದಿಸಬೇಡ. ನಿಧಾನವಾಗಿ ನೀನೇ ಓದು.

ನರಸಿಂಹರಾಜಪುರದ ಮನೆಯಲ್ಲಿ ಅವ್ವನನ್ನು ಒಳಗೆ ಕರೆದಿದ್ದೀಯಂತೆ. ಮುಂಗಡ ಕೈಗೆ ಬಂದದ್ದನ್ನು ವಾಪಸು ಕೊಟ್ಟಿದ್ದೀಯಂತೆ. ಆ ಹೆಂಗಸು ಹೀಗೆ ಬರೆದಿದ್ದಾಳೆ. ನನಗೆ ನಂಬಿಕೆ ಇಲ್ಲ. ಹಣ ಉಳಿಸಿಕೊಳ್ಳಲು ಸತ್ತವರ ಹೆಸರು ಹೇಳುವವರು ಈ ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವಳು ನಿನಗೆ ಹೇಳಿಕೊಟ್ಟದ್ದೋ, ನೀನು ಅವಳಿಗೆ ಹೇಳಿದ್ದೋ ನನಗೆ ತಿಳಿಯಬೇಕು.

ಹೌದು ಅಥವಾ ಇಲ್ಲ. ಒಂದೇ ಮಾತು ಬರೆ. ಸುಬ್ರಾಯರ ಬಸ್ಸಿನಲ್ಲಿ ಕೊಟ್ಟು ಕಳಿಸು.

ಚೇತನಾ


ಲೈನ್ ಮನೆ
4 ಮೇ 2007

ಮಗ ಚೇತನಾಗೆ ಅಪ್ಪ ಬರೆಯುವುದು.

ಅಕ್ಷರ ನೀನೇ ಕಲಿಸಿದ್ದು. ತಪ್ಪಿದ್ರೆ ನಿಂದೇ ತಪ್ಪು.

ಒಂದೇ ಮಾತು ಬರೆ ಅಂದಿ. ಹೌದು.

ಹಣ ನಾನೇ ವಾಪಸು ಇಟ್ಟಿದ್ದು. ಅಮ್ಮಾರು ಬೇಡ ಅಂದ್ರು. ಅದ್ರಲ್ಲಿ ಅವರದ್ದು ತಪ್ಪಿಲ್ಲ. ಬಾವಿದು ತಪ್ಪಿದೆ. ನಿನ್ನ ಹತ್ರ ಸುಳ್ಳು ಹೇಳ್ದೆ. ಎರಡು ಸಲ.

ಅವತ್ತು ಬಾಗ್ಲು ಮುಚ್ಚಿ ಹೊರಗೆ ನಿಂತು ಕರ್ದೆ. ಒಳಗೆ ಸದ್ದಾತು. ಇಲಿ ಅಂತ ನೀ ಅಂತಿ. ಇಲಿ ಇರ್ಬೋದು. ನಾ ಅವಳು ಅಂದ್ಕಂಡೆ.

ಲೈನಲ್ಲಿ ಇದ್ದಷ್ಟು ವರ್ಷ ಬೆಳಗಾದ್ರೆ ಯಾರಾದ್ರೂ ಬಾಗ್ಲು ಬಡ್ದು ಅವಳನ್ನ ಕೆಲ್ಸಕ್ಕೆ ಎಬ್ಬಿಸ್ತಿದ್ರು. ಆ ಮನೇಲಿ ಯಾರೂ ಬಡಿಯಲ್ಲ. ಅದಕ್ಕೆ ಅಲ್ಲಿಗೆ ಕರ್ದಿದ್ದು.

ನೀರಿಗೆ ಹೆದರ್ಬೇಡ. ನಾ ರಸ್ತೆ ಕೊಳಾಯಿಂದ ಹೊರ್ತೀನಿ. ಅವಳಿಗೆ ನೀರಿನ ಖರ್ಚೂ ಇಲ್ಲ.

ಅಮಾಸೆ ಅಮಾಸೆಗೆ ಹೋಗಿ ಎಡೆ ಇಟ್ಟು ಅವಳ ಹತ್ರ ಮಾತಾಡಿ ಬರ್ತೀನಿ. ಬರೋ ಅಮಾಸೆಗೂ ಸಂಜೆ ಹೋಗ್ತೀನಿ. ಬಯ್ಯೋದಿದ್ರೆ ಅದಾದ್ಮೇಲೆ ಬಯ್ಯಿ. ಊಟ ಸರಿಯಾಗಿ ಮಾಡು.

ಅಪ್ಪ


ಕೊಪ್ಪ
8 ಮೇ 2007

ಗಂಗಾಂಬಿಕಮ್ಮನವರಿಗೆ,

ನೀವು ಬರೆದದ್ದು ಸುಳ್ಳಲ್ಲ ಎಂದು ತಿಳಿಯಿತು. ಪೊಲೀಸ್ ದೂರು ಹೋಗಿಲ್ಲ. ಲಾಡ್ಜಿನ ಗೋಡೆಗೆ ಏನನ್ನೂ ಅಂಟಿಸುವುದಿಲ್ಲ. ಆದರೆ ನಿಮ್ಮ ಮೇಲಿನ ಸಂಶಯ ಪೂರ್ತಿ ಹೋಗಿದೆ ಎಂದು ತಿಳಿಯಬೇಡಿ. ಮನೆಯೂ ನಿಮ್ಮ ಹೆಸರಲ್ಲಿದೆ, ಹಣವೂ ನಿಮ್ಮ ಕಪಾಟಿನಲ್ಲಿದೆ. ನಮ್ಮ ಕಡೆ ಇರುವುದು ಒಂದು ಬೀಗದ ಕೈ ಮತ್ತು ಅಪ್ಪನ ನಂಬಿಕೆ. ಇವತ್ತು ನೀವು ಅದನ್ನು ಗೌರವಿಸುತ್ತಿದ್ದೀರಿ. ನಾಳೆ ಅದನ್ನೇ ಹಿಡಿದುಕೊಂಡು, "ಬಾವಿ ಇಲ್ಲದಿದ್ದರೂ ಇವನು ಎಲ್ಲಿ ಬಿಟ್ಟು ಹೋಗುತ್ತಾನೆ" ಎಂದುಕೊಂಡರೆ? ಅಂದುಕೊಂಡಿಲ್ಲ ಎಂದು ನನಗೆ ಹೇಗೆ ಗೊತ್ತು?

ಸತ್ತವರು ಬರುವುದಿಲ್ಲ. ಕರೆದರೂ ಬರುವುದಿಲ್ಲ. ನಾನು ಇದನ್ನು ಪುಸ್ತಿಕೆಗಳಲ್ಲಿ ಓದಿ ಕಲಿತದ್ದಲ್ಲ. ಅವ್ವ ಹೋದ ಮೇಲೆ ಎಷ್ಟೋ ದಿನ ನಾನೂ ಕರೆದು ನೋಡಿದ್ದೇನೆ. ಇದನ್ನು ಅಪ್ಪನಿಗೆ ಹೇಳಿಲ್ಲ.

ಆದರೆ ಕಿಟಕಿಯ ಹತ್ತಿರ ನಿಂತು ಬರೆದುಕೊಂಡ ಚೀಟಿ ಇನ್ನೂ ನನ್ನ ಹತ್ತಿರ ಇದೆ. "ಎಲೆಯಡಿಕೆ, ಸುಣ್ಣ ಹಚ್ಚಿಲ್ಲ" ಎಂದು ನನ್ನದೇ ಅಕ್ಷರದಲ್ಲಿದೆ. ಸುಣ್ಣ ತಾಗಿದರೆ ಅವ್ವನ ಬಾಯಿ ಹುಣ್ಣಾಗುತ್ತಿತ್ತು. ಲೈನಿನ ಹೆಂಗಸರೆಲ್ಲ, "ಸುಣ್ಣ ಇಲ್ದೆ ಎಂತ ರುಚಿ ಭೈರಮ್ಮ" ಎಂದು ನಗುತ್ತಿದ್ದರು. ನಾನೇ ಎಷ್ಟು ಸಲ ಮಡಿಸಿಕೊಟ್ಟಿದ್ದೇನೆ. ಪುರಾವೆ ಹುಡುಕುವ ಆತುರದಲ್ಲಿ ಎಲ್ಲವನ್ನೂ ನೋಡಿದೆ, ಅವಳನ್ನು ನೋಡಲಿಲ್ಲ.

ಒಕ್ಕಲೆಬ್ಬಿಸಬೇಡಿ ಎಂದು ಕರಪತ್ರ ಹಂಚಿದವಳು ನಾನು. ಲೈನ್ ಮನೆಯಿಂದ ಅವ್ವ ಹೋದದ್ದು ಹೆಣವಾಗಿ. ಈ ಮನೆಯಿಂದಲೂ ಅವಳನ್ನು ಹೊರಡಿಸುವ ಪತ್ರಕ್ಕೆ ನಾನು ಸಹಿ ಹಾಕಲಾರೆ. ಅವಳು ಅಲ್ಲಿ ಇಲ್ಲ ಎಂದು ಗೊತ್ತಿದ್ದೂ ಹಾಕಲಾರೆ. ಇದನ್ನು ನಿಮ್ಮ ಗೆಲುವು ಎಂದು ತಿಳಿಯಬೇಡಿ.

ಮುಂಗಡ ವಾಪಸು ಬೇಡ ಎಂದು ನಾನು ಬರೆಯುತ್ತಿಲ್ಲ. ಹಣ ತನ್ನಿ. ಕಪಾಟಿನಿಂದ ತೆಗೆದು, ನನ್ನ ಎದುರಿಗೆ ಅಪ್ಪನ ಕೈಯಲ್ಲಿಡಿ. ಜೊತೆಗೆ ಧರ್ಮಪ್ಪನವರನ್ನೂ ಕರೆಯಿರಿ. ಈ ಮನೆಯಲ್ಲಿ ಇರುವವರು, ಯಾರೇ ಆಗಿರಲಿ, ಆ ಬಾವಿಯಿಂದ ನೀರು ಸೇದುವ ಹಕ್ಕು ಉಳ್ಳವರು ಎಂದು ಅವರು ಒಪ್ಪಿ ಬರೆದುಕೊಡಬೇಕು, ಅದು ಕ್ರಯಪತ್ರದಲ್ಲಿ ಬರಬೇಕು. ಅವರು ಒಪ್ಪದಿದ್ದರೆ ಹಿತ್ತಲಲ್ಲಿ ಹೊಸ ಬಾವಿ ತೋಡುವ ಖರ್ಚನ್ನು ಮನೆಯ ಬೆಲೆಯಲ್ಲಿ ನೀವು ಬಿಡಬೇಕು. ನನ್ನ ಅಪ್ಪ ರಸ್ತೆಯ ಕೊಳಾಯಿಯಿಂದ ನೀರು ಹೊರುವುದಿಲ್ಲ. ಇಷ್ಟು ವರ್ಷ ಬೇರೆಯವರಿಗಾಗಿ ಹೊತ್ತದ್ದು ಸಾಕು.

ಹಣ ಒಂದು ಕೈಯಲ್ಲಿ, ಮನೆ ಒಂದು ಕೈಯಲ್ಲಿ ಇರುವಾಗ ಅಪ್ಪ ಹೇಳಲಿ. ನಿಮ್ಮ ಹಾಲಿನಲ್ಲಿ ಕಾಫಿ ಕುಡಿಯುತ್ತಾ ನನಗೆ ತಿಳಿಯದ ಹಾಗೆ ಅಲ್ಲ, ಬೆಳಕಿನಲ್ಲಿ, ನಮ್ಮೆಲ್ಲರ ಎದುರು. ಅವರು ಯಾವುದನ್ನು ಹೇಳಿದರೂ ಸಾಕ್ಷಿ ಸಹಿ ನಾನು ಹಾಕುತ್ತೇನೆ. ಈ ಸಲ ಬಾವಿಯ ಬೇಲಿ ಎಲ್ಲಿದೆ ಎಂದು ನೋಡಿಯೇ ಹಾಕುತ್ತೇನೆ.

ನಾನು ಬರುವುದು ಅಪ್ಪನಿಗೆ ಗೊತ್ತಿಲ್ಲ. ನೀವೂ ಹೇಳಬೇಡಿ. ಮಾತು ಮುಚ್ಚಿಡುವುದು ನಿಮಗೆ ಚೆನ್ನಾಗಿ ಬರುತ್ತದೆ. ಅವರು ಸೆಗಣಿ ಸಾರಿಸುವ ಹೊತ್ತಿಗೆ ನಾವು ಅಲ್ಲಿರಬೇಕು. ಒಣಮೀನು ನಾನು ಕೊಪ್ಪದಿಂದ ತರುತ್ತೇನೆ. ವಾಸನೆ ತಡೆಯದಿದ್ದರೆ ನೀವು ಜಗಲಿಯಲ್ಲಿ ಕೂರಿ. ಎಲೆಯಡಿಕೆ ನಾನು ಮಡಿಸುತ್ತೇನೆ.

ಅಮಾವಾಸ್ಯೆಯಂದು ವ್ಯವಹಾರ ಮಾಡುವುದಿಲ್ಲ ಎಂಬ ಕಾರಣ ಹೇಳಬೇಡಿ. ನನ್ನ ಅಂಗಡಿಗೆ ರಜೆ ಇರುವುದು ಅಂದೇ. ನರಸಿಂಹರಾಜಪುರ, ಆ ಮನೆಯ ಜಗಲಿ, ಮೇ ಹದಿನಾರು, ಬುಧವಾರ, ಸಂಜೆ ನಾಲ್ಕು ಗಂಟೆ.

ಚೇತನಾ